ಮಣೆಯ ಮೇಲಿನ ಬೆಣ್ಣೆ

ನಮ್ಮೂರಿನಲ್ಲಿ ಮಕ್ಕಳ ಮುಖವನ್ನು ಯಾರೂ ನಂಬುವುದಿಲ್ಲ, ಮಣೆಯನ್ನು ನಂಬುತ್ತಾರೆ. ಮಗುವನ್ನು ಶಾಲೆಗೆ ಸೇರಿಸುವ ಮುಂಚೆ ಅಪ್ಪ ಅಮ್ಮ ಬಡಗಿಯ ಹತ್ತಿರ ಹೋಗಿ ಹಲಸಿನ ಮರದ ಪುಟ್ಟ ಮಣೆಯೊಂದನ್ನು ಮಾಡಿಸುತ್ತಾರೆ. ಶಾಲೆ ಮುಗಿಯುವವರೆಗೂ ಮಗು ಅದರ ಮೇಲೆಯೇ ಕೂರಬೇಕು, ಬೇರೆಯವರ ಮಣೆಯ ಮೇಲೆ ಕೂರಬಾರದು. ಪಾಠದಲ್ಲಿ ಮನಸ್ಸಿದ್ದರೆ ಮಣೆ ಬೆಚ್ಚಗಿರುತ್ತದೆ, ಇಲ್ಲದಿದ್ದರೆ ತಣ್ಣಗಾಗುತ್ತದೆ. ಮೈಯ ಕಾವಿಗೂ ಇದಕ್ಕೂ ಸಂಬಂಧವಿಲ್ಲ. ಜ್ವರದಿಂದ ಸುಡುತ್ತಿದ್ದ ಹುಡುಗನ ಮಣೆ ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿದ್ದದ್ದನ್ನು ನಾನೇ ಮುಟ್ಟಿ ನೋಡಿದ್ದೇನೆ. ಹೊರಗಿನಿಂದ ವರ್ಗವಾಗಿ ಬರುವ ಮೇಷ್ಟ್ರುಗಳು ಮೊದಲ ವಾರ ನಗುತ್ತಾರೆ, ಎರಡನೆಯ ವಾರ ತಾವೂ ಮುಟ್ಟಿ ನೋಡಲು ಶುರು ಮಾಡುತ್ತಾರೆ.

ನಾನು ಸುಲೋಚನ, ಐದನೇ ತರಗತಿಯ ಟೀಚರ್. ಪಾಠ ಮಾಡುತ್ತಲೇ ಸಾಲುಗಳ ನಡುವೆ ಓಡಾಡಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ, ಮಣೆಗೆ ಅಂಗೈ ಇಟ್ಟು ನೋಡುವುದು ನಮ್ಮ ಕೆಲಸದ ಅರ್ಧ ಭಾಗ. ತಣ್ಣಗಾಗುತ್ತಿದ್ದರೆ ಆ ಮಗುವನ್ನು ಗಿಡಕ್ಕೆ ನೀರು ಹಾಕಲು ಕಳಿಸಬೇಕು, ಇಲ್ಲವೇ ಬೋರ್ಡಿನ ಹತ್ತಿರ ಕರೆಯಬೇಕು. ಒಂದು ಸಾಲೇ ತಣ್ಣಗಾಗಿದ್ದರೆ ಪುಸ್ತಕ ಮುಚ್ಚಿ, ನಮ್ಮನ್ನು ನಾವೇ ಬೈದುಕೊಂಡು ಬೇರೆ ದಾರಿ ಹುಡುಕಬೇಕು. ಬೈದರೆ, ಹೊಡೆದರೆ ಮಣೆ ಕಾವೇರುವುದಿಲ್ಲ, ಇನ್ನಷ್ಟು ತಣ್ಣಗಾಗುತ್ತದೆ. ಬಹಳ ಕಾಲ ತಣ್ಣಗೇ ಉಳಿದ ಮಗು ಆರಿಹೋಗುತ್ತದೆ. ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಆರಿಹೋದವರನ್ನು ನೋಡಬೇಕೆಂದರೆ ಅಂಚೆ ಕಚೇರಿಯ ಎದುರಿನ ಜಗಲಿಗೆ ಹೋದರೆ ಸಾಕು. ಅಲ್ಲಿ ದಿವಾಕರ ಕೂತಿರುತ್ತಾನೆ. ಮೂವತ್ತು ದಾಟಿದ ಗಂಡಸು. ಕೊಟ್ಟರೆ ತಿನ್ನುತ್ತಾನೆ, ಏಳು ಅಂದರೆ ಏಳುತ್ತಾನೆ, ಏನು ಕೇಳಿದರೂ ಹೂಂ ಅನ್ನುತ್ತಾನೆ. ಅವನಿಗೆ ಬೇಜಾರೂ ಇಲ್ಲ, ಸಂತೋಷವೂ ಇಲ್ಲ. ಅವನ ತಾಯಿ ಕಮಲಾಕ್ಷಮ್ಮ ದಿನಾ ಬೆಳಿಗ್ಗೆ ಅವನ ತಲೆ ಬಾಚಿ, ಅಂಗಿಯ ಗುಂಡಿ ಹಾಕಿ ಅಲ್ಲಿ ಕೂರಿಸುತ್ತಾರೆ. ಮಕ್ಕಳು ಆ ಜಗಲಿಯನ್ನು ಓಡಿ ದಾಟುತ್ತಾರೆ. ದೊಡ್ಡವರೂ ಹೆಚ್ಚುಕಡಿಮೆ ಹಾಗೆಯೇ ದಾಟುತ್ತೇವೆ, ಓಡುವುದಿಲ್ಲ ಅಷ್ಟೆ.

ಆ ವರ್ಷ ಶಾಲೆಯ ಒಂದು ಪಕ್ಕದ ಚಾವಣಿ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಕೋಣೆಗಳು ಅರ್ಧಕ್ಕರ್ಧ ಕಡಿಮೆಯಾದವು. ಮಕ್ಕಳಿಗೆಲ್ಲ ದೂರದವರ ಮುಖ ತೋರಿಸಿ ದನಿ ಕೇಳಿಸುವ ಗಾಜಿನ ಸ್ಲೇಟು ಹಂಚಿ, ವಾರದ ಅರ್ಧ ಶಾಲೆಯಲ್ಲಿ ಪಾಠ, ಇನ್ನರ್ಧ ಮನೆಯಲ್ಲಿ ಗಾಜಿನ ಪಾಠ ಎಂದು ಮಾಡಿದರು. ಮನೆಯಲ್ಲೂ ಮಕ್ಕಳು ಅದೇ ಮಣೆಯ ಮೇಲೆ ಕೂರಬೇಕು. ಎಲ್ಲ ಸರಿ, ಮುಟ್ಟುವುದು ಹೇಗೆ? ಗಾಜಿನಾಚೆಗೆ ಕೈ ಹೋಗುವುದಿಲ್ಲವಲ್ಲ. ಹೆಡ್ಮಾಸ್ಟರ್ ಗಂಗಣ್ಣನವರು ಎರಡು ದಿನ ತಲೆ ಕೆರೆದುಕೊಂಡು ಬೆಣ್ಣೆ ಪರೀಕ್ಷೆ ಕಂಡುಹಿಡಿದರು. ಪಾಠ ಮುಗಿದ ತಕ್ಷಣ ಮಗು ಎದ್ದು, ಮಣೆಯನ್ನು ಸ್ಲೇಟಿನ ಮುಂದೆ ಇಟ್ಟು, ಅದರ ನಡುವೆ ಕಡಲೆಕಾಳಿನಷ್ಟು ಬೆಣ್ಣೆ ಇಡಬೇಕು. ಕರಗಿದರೆ ಮಗು ಪಾಠದಲ್ಲಿತ್ತು. ಕರಗದಿದ್ದರೆ ಇರಲಿಲ್ಲ. ನಮ್ಮದು ಮೊದಲೇ ತಂಪಿನ ಊರು, ಬೆಣ್ಣೆ ತಾನಾಗಿ ಕರಗುವ ಮಾತೇ ಇಲ್ಲ.

ಅವತ್ತಿನಿಂದ ಊರಿನ ಹೋಟೆಲಿನಲ್ಲಿ ಬೆಣ್ಣೆ ದೋಸೆಯ ಮೇಲೆ ಬೆಣ್ಣೆ ಹೆಸರಿಗೆ ಮಾತ್ರ ಉಳಿಯಿತು. ತಾಯಂದಿರಿಗೆ ಅದೇ ಮಾತು, ನಿಮ್ಮವನದು ಕರಗಿತಾ, ನಮ್ಮವಳದು ಇಟ್ಟ ಕೂಡಲೇ ಹರಿದುಹೋಯಿತು ಕಣ್ರೀ. ಪಕ್ಕದ ಮನೆಯ ಗಿರಿಜಾಂಬ ತನ್ನ ಮಗ ಲೋಹಿತನ ಬೆಣ್ಣೆ ಕರಗುವುದನ್ನು ಕಿಟಕಿಯಿಂದ ಕೂಗಿ ಹೇಳುತ್ತಿದ್ದಳು. ಮೊದಮೊದಲು ಅಲ್ಲೊಂದು ಇಲ್ಲೊಂದು ಬೆಣ್ಣೆ ಕರಗದೆ ಕೂರುತ್ತಿತ್ತು. ಆಮೇಲೆ ಎಲ್ಲ ಮನೆಯಲ್ಲೂ ಕರಗತೊಡಗಿತು. ಗಂಗಣ್ಣನವರ ಮುಖದಲ್ಲಿ ಕಳೆ ಬಂತು. ಮನೆಯಲ್ಲಿ ಕರಗಿದ ಬೆಣ್ಣೆಯೇ ಸಾಕು, ಶಾಲೆಯ ದಿನಗಳಲ್ಲಿ ಬೇರೆ ಪರೀಕ್ಷೆ ಬೇಡ, ಒಬ್ಬೊಬ್ಬರನ್ನೂ ಎಬ್ಬಿಸಿ ಮುಟ್ಟುತ್ತಾ ಕೂತರೆ ಪಾಠ ಮುಗಿಯುವುದು ಯಾವಾಗ ಎಂದರು. ನಮಗೂ ಬೇಕಾಗಿತ್ತು. ಬೆಳಿಗ್ಗೆ ಬರುವಾಗಲೇ ಮಕ್ಕಳು ಬೆಣ್ಣೆ ಕರಗಿದ ಜಿಡ್ಡಿನ ಮಣೆ ತರುತ್ತಿದ್ದರು, ಅದನ್ನು ಮುಟ್ಟಿ ಕೈ ಒರೆಸಿಕೊಳ್ಳುವ ತಾಪತ್ರಯ ತಪ್ಪಿತು ಅಂದುಕೊಂಡೆವು.

ಮಂದಾರ ನನ್ನ ಮಗಳು, ನನ್ನದೇ ತರಗತಿಯ ಹುಡುಗಿ. ಪಾಠದ ಹೊತ್ತಿನಲ್ಲಿ ನನ್ನನ್ನು ಮಿಸ್ ಅನ್ನಬೇಕು, ಮಿಕ್ಕ ಹೊತ್ತಿನಲ್ಲಿ ಅಮ್ಮ. ಅವಳ ಮಣೆ ಮೊದಲಿನಿಂದಲೂ ಒಲೆಯಿಂದ ಈಗ ತಾನೇ ಇಳಿಸಿದ ಪಾತ್ರೆಯ ಹಾಗೆ. ಬಾಯಿ ತೆರೆದರೆ ಪ್ರಶ್ನೆ. ಮೀನಿಗೆ ಬಾಯಾರಿಕೆ ಆಗುತ್ತಾ, ಸೊನ್ನೆಯನ್ನು ಇಬ್ಬರಿಗೆ ಹಂಚಿದರೆ ಜಗಳ ಆಗುತ್ತಾ. ಟೀಚರ್ ತನ್ನ ಮಗಳನ್ನು ಮುಂದೆ ಮಾಡುತ್ತಾಳೆ ಎಂದು ಯಾರೂ ಆಡಿಕೊಳ್ಳಬಾರದಲ್ಲ, ಅದಕ್ಕೇ ಅವಳು ಕೈ ಎತ್ತಿದರೆ ಎಲ್ಲರದೂ ಮುಗಿದ ಮೇಲೆ ಕೇಳುತ್ತಿದ್ದೆ. ಗಾಜಿನ ಪಾಠ ಬಂದ ಮೇಲೆ ನಾನು ಹಜಾರದಲ್ಲಿ ಕೂತು ಪಾಠ ಮಾಡುತ್ತಿದ್ದೆ, ಅವಳು ಒಳಕೋಣೆಯಲ್ಲಿ ಕೂತು ಕೇಳುತ್ತಿದ್ದಳು. ಮಧ್ಯೆ ಒಂದೇ ಗೋಡೆ. ಗಾಜಿನಲ್ಲಿ ನಲವತ್ತು ಚಿಲ್ಲರೆ ಮುಖಗಳು, ಒಂದೊಂದೂ ಅಂಚೆ ಚೀಟಿಯಷ್ಟು. ಗಲಾಟೆಯಾಗುತ್ತದೆ ಎಂದು ಎಲ್ಲರ ಸದ್ದನ್ನೂ ಮ್ಯೂಟ್ ಮಾಡಿಟ್ಟಿರುತ್ತಿದ್ದೆ. ಮಂದಾರಳನ್ನು ಆ ಮುಖಗಳ ನಡುವೆ ಹುಡುಕುವ ಗೋಜಿಗೂ ಹೋಗುತ್ತಿರಲಿಲ್ಲ. ಮನೆಯಲ್ಲೇ ಇರುವ ಮಗು, ಆಮೇಲೆ ಕೇಳಿದರಾಯಿತು. ಆ ಆಮೇಲೆ ಎನ್ನುವುದು ಒಂದು ದಿನವೂ ಬರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಅವಳು ಬಹಳ ಒಳ್ಳೆಯ ಹುಡುಗಿಯಾದಳು. ಹಾಲು ಕೆನೆಗಟ್ಟಿದೆ ಎಂದು ರಂಪ ಮಾಡುತ್ತಿರಲಿಲ್ಲ. ಜಡೆ ಬಿಗಿಯಾಯಿತು ಎಂದು ಕಿರುಚುತ್ತಿರಲಿಲ್ಲ. ನಮ್ಮ ಯಜಮಾನರು ದೂರದ ರೂಟಿನ ಬಸ್ ಕಂಡಕ್ಟರ್, ದಿನ ಬಿಟ್ಟು ದಿನ ಮನೆಗೆ ಬರುವವರು. ಮಗು ಯಾಕೋ ಸಪ್ಪಗಿದೆ ಕಣ್ರೀ ಅಂದರೆ, "ಮಾತಾಡಿದ್ರೆ ಬಾಯಿಬಡುಕಿ ಅಂತೀಯ, ಸುಮ್ನಿದ್ರೂ ತಪ್ಪಾ?" ಎಂದು ನಗಾಡಿ ಮಲಗಿದರು. ನಾನೂ ಬಿಟ್ಟುಬಿಟ್ಟೆ. ಬೆಣ್ಣೆ ಕರಗುತ್ತಿತ್ತಲ್ಲ.

ಒಂದು ಗುರುವಾರ ಭಿನ್ನರಾಶಿಯ ಪಾಠ ನಡೆಯುತ್ತಿರುವಾಗ ಗಂಟಲು ಕಟ್ಟಿ ಬಂತು. ನೀರು ಕುಡಿದು ಬರುತ್ತೇನೆ ಎಂದು ಮಕ್ಕಳಿಗೆ ಹೇಳಿ ಅಡುಗೆಮನೆಗೆ ಹೋದೆ. ಸುಟ್ಟ ಮರದ ವಾಸನೆ ಬರುತ್ತಿತ್ತು. ನಮ್ಮತ್ತೆ ಒಲೆಯ ಮುಂದೆ ಕೂತು, ಕಾವಲಿಯ ಮೇಲೆ ಮಂದಾರಳ ಮಣೆಯನ್ನು ಬೋರಲು ಹಾಕಿ, ರೊಟ್ಟಿ ತಿರುವುವ ಹಾಗೆ ಅಂಚು ಹಿಡಿದು ತಿರುವುತ್ತಿದ್ದರು.

"ಅತ್ತೆ, ಏನ್ ಮಾಡ್ತಿದೀರಿ?"

ಅವರಿಗೆ ನಾಚಿಕೆಯೇನೂ ಆಗಲಿಲ್ಲ. "ಕೂಗಾಡ್ಬೇಡ. ಟೀಚರ್ ಮಗಳ ಬೆಣ್ಣೇನೇ ಕರಗ್ಲಿಲ್ಲ ಅಂದ್ರೆ ಊರ ಮುಂದೆ ನಿನ್ ಮರ್ಯಾದೆ ಏನಾಗುತ್ತೆ? ಗಿರಿಜಾಂಬ ಇಸ್ತ್ರಿ ಪೆಟ್ಟಿಗೇಲಿ ಮಾಡ್ತಾಳೆ. ನಾನು ಕಾವಲೀಲಿ ಮಾಡ್ತೀನಿ. ಇದರಲ್ಲಿ ಮರ ಅಷ್ಟು ಸೀಯಲ್ಲ" ಅಂದರು.

"ಎಷ್ಟು ದಿನದಿಂದ?"

"ಯಾರು ಲೆಕ್ಕ ಇಟ್ರು ಹೋಗೇ."

ಒಳಕೋಣೆಗೆ ಹೋಗಿ ನೋಡಿದರೆ ಮಂದಾರ ಬರಿನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಖಾಲಿಯಾಗಿದ್ದ ನನ್ನ ಕುರ್ಚಿ ಕಾಣುತ್ತಿದ್ದ ಗಾಜಿಗೆ ತಲೆಯಾಡಿಸುತ್ತಿದ್ದಳು. ಅಲ್ಲಿ ಪಾಠವೇ ಇರಲಿಲ್ಲ. ಆದರೂ ಅರ್ಥವಾದವಳ ಹಾಗೆ ನಡುನಡುವೆ ನಗುತ್ತಾ ತಲೆಯಾಡಿಸುತ್ತಿದ್ದಳು.

ಅವತ್ತು ಸಂಜೆ ಅವಳನ್ನು ಮಡಿಲಿಗೆ ಎಳೆದುಕೊಂಡು ಕೇಳಿದೆ. "ಪಾಠ ಬೇಜಾರಾಗುತ್ತಾ ಪುಟ್ಟಾ?"

"ಇಲ್ಲ."

"ಮತ್ತೆ ಮಣೆ ಯಾಕೆ ತಣ್ಣಗಿದೆ?"

"ಮೊದ್ಲು ಕೈ ಎತ್ತುತಿದ್ದೆ. ನೀನು ನೋಡ್ಲಿಲ್ಲ. ನಾಳೆ ನೋಡ್ತೀಯ ಅಂತ ಎತ್ತಿದೆ, ಆಗ್ಲೂ ನೋಡ್ಲಿಲ್ಲ. ಪಾಠದ ಕೊನೇಲಿ ನೀನು ಎಲ್ರ ಬೆಣ್ಣೆ ಮಾತ್ರ ನೋಡ್ತಿದ್ದೆ." ಇಷ್ಟನ್ನೂ ಅವಳು ಸಿಟ್ಟಿಲ್ಲದೆ, ಅಳುವಿಲ್ಲದೆ ಹೇಳಿದಳು. ಬೇರೆ ಯಾವುದೋ ಹುಡುಗಿಯ ವಿಷಯ ಹೇಳಿದ ಹಾಗಿತ್ತು.

"ಏನ್ ಕೇಳ್ಬೇಕಿತ್ತು? ಈಗ ಕೇಳು."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಮರ್ತೋಯ್ತು" ಅಂದಳು. ಆ ಮಾತಿಗೆ ಹೆದರಿದಷ್ಟು ನಾನು ಜನ್ಮದಲ್ಲಿ ಯಾವುದಕ್ಕೂ ಹೆದರಿಲ್ಲ.

ಸೋಮವಾರ ಶಾಲೆಯಲ್ಲಿ, ಬಹಳ ತಿಂಗಳ ನಂತರ, ಸಾಲಿನೊಳಗೆ ಹೋಗಿ ಅವಳನ್ನು ಎಬ್ಬಿಸಿ ಮಣೆ ಮುಟ್ಟಿದೆ. ಶಾಲೆಯಲ್ಲಾದರೂ ಕಾವು ಇರಬಹುದು ಎಂಬ ಆಸೆ. ಮಣೆ ಬಾವಿಕಟ್ಟೆಯ ಕಲ್ಲೇ ಆಗಿತ್ತು. ಪಕ್ಕದಲ್ಲಿ ಲೋಹಿತ, ಅವನ ಪಕ್ಕದಲ್ಲಿ ಜಬೀನ, ಎಲ್ಲರೂ ನನ್ನನ್ನೇ ನೋಡುತ್ತಾ ಕೂತಿದ್ದರು. ಕೈ ಅವರ ಕಡೆಗೆ ಹೋಯಿತು, ಅರ್ಧಕ್ಕೇ ಹಿಂದೆ ಬಂತು. ಅವರ ಮಣೆಗಳನ್ನು ಮುಟ್ಟುವ ಧೈರ್ಯ ನನಗೆ ಬರಲಿಲ್ಲ. ಹೆಡ್ಮಾಸ್ಟರ ಕೋಣೆಗೆ ಹೋಗಿ ಬೆಣ್ಣೆಯನ್ನು ನಂಬುವ ಹಾಗಿಲ್ಲ ಸಾರ್ ಅಂದೆ. ಗಂಗಣ್ಣನವರು ಕನ್ನಡಕ ತೆಗೆದು ಒರೆಸಿದರು. "ಅಲ್ಲಮ್ಮಾ, ಇಡೀ ಶಾಲೇಲಿ ಕರಗದೇ ಇರೋ ಬೆಣ್ಣೆ ಒಂದೂ ಇಲ್ಲ. ಇಂಥ ವರ್ಷ ನಾನು ಕಂಡೇ ಇಲ್ಲ. ನೀವೊಬ್ರು ಯಾಕೆ ಅಪಶಕುನ ನುಡೀತೀರಿ?" ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸತೊಡಗಿದರು. ಅವರ ಮೊಮ್ಮಗ ಮೂರನೇ ತರಗತಿಯಲ್ಲಿದ್ದ.

ಮನೆಗೆ ಹೋಗುವಾಗ, ಯಾವತ್ತೂ ನಿಲ್ಲದವಳು, ಅಂಚೆ ಕಚೇರಿಯ ಎದುರು ನಿಂತೆ. ಕಮಲಾಕ್ಷಮ್ಮ ಮಗನಿಗೆ ಕಿತ್ತಳೆ ಹಣ್ಣು ಬಿಡಿಸಿ ಕೊಡುತ್ತಿದ್ದರು. ನನ್ನನ್ನು ನೋಡಿ ಜಾಗ ಮಾಡಿಕೊಟ್ಟರು.

"ಹೇಗೆ ಶುರುವಾಯ್ತು ಅಮ್ಮಾ?" ಅಂದೆ.

"ನಮ್ಗೆ ಗೊತ್ತೇ ಆಗ್ಲಿಲ್ಲ ಕಣಮ್ಮ. ಜಗಳ ಆಡೋದು ಬಿಟ್ಟ. ಬುದ್ಧಿ ಬಂತು ಅಂತ ಖುಷಿಪಟ್ವಿ, ಅವ್ರಪ್ಪ ಹೊಸ ಅಂಗಿ ಕೊಡ್ಸಿದ್ರು. ಆಮೇಲೆ ಕೇಳೋದು ಬಿಟ್ಟ. ಕೊನೆಗೆ ಹೆಸರು ಕರೆದ್ರೆ ತಿರುಗೋದೂ ಬಿಟ್ಟ. ಅಷ್ಟ್ ಹೊತ್ಗೆ ಆಗ್ಹೋಗಿತ್ತು." ಇನ್ನೊಂದು ತೊಳೆ ಬಿಡಿಸಿ ಮಗನ ಬಾಯಿಗಿಟ್ಟರು. "ನಿಮ್ಮನೇಲಿ ಹೆಸರಿಗೆ ತಿರುಗ್ತಾಳಾ?"

"ತಿರುಗ್ತಾಳೆ" ಅಂದೆ. ಅಲ್ಲಿಂದ ಮನೆಯವರೆಗೆ ಓಡಿದೆ. ಹೊಸಿಲಿನ ಮೇಲೆ ನಿಂತು ಮಂದಾರಾ ಎಂದು ಕೂಗಿದೆ. ತಿರುಗಿದಳು. ಆದರೆ ಕೂಗಿಗೂ ತಿರುಗಿದ್ದಕ್ಕೂ ನಡುವೆ ನಾನೊಂದು ಉಸಿರು ಎಳೆದು ಬಿಟ್ಟಿದ್ದೆ.

ಆಮೇಲಿನ ದಿನಗಳಲ್ಲಿ ನಾನು ಮಾಡದ ಕೋಡಂಗಿತನವಿಲ್ಲ. ಗಾಜಿನ ಮುಂದೆ ಹಾಡಿದೆ, ತಲೆಗೆ ಬಣ್ಣದ ಕಾಗದದ ಟೋಪಿ ಹಾಕಿಕೊಂಡೆ, ಸರಿ ಉತ್ತರಕ್ಕೆ ಚುಕ್ಕಿ ಕೊಟ್ಟೆ, ಚುಕ್ಕಿ ಕೂಡಿಸಿದರೆ ಬಹುಮಾನ ಅಂದೆ. ಗಾಜಿನಲ್ಲಿ ಮುಖಗಳೆಲ್ಲ ನಕ್ಕವು. ಮಂದಾರಳೂ ನಕ್ಕಳು. ಪಾಠ ಮುಗಿದ ಮೇಲೆ ಹೋಗಿ ಮುಟ್ಟಿದರೆ ಮಣೆ ಮೊದಲಿಗಿಂತ ತಣ್ಣಗಿರುತ್ತಿತ್ತು. ಚುಕ್ಕಿಗಾಗಿ ಕೂತವಳು ಪಾಠಕ್ಕಾಗಿ ಕೂತಿರಲಿಲ್ಲ ಎಂದು ಮಣೆಗೆ ಗೊತ್ತಾಗುತ್ತಿತ್ತು. ಅವಳ ಹೆಸರು ಕರೆಯುವುದೇ ನನಗೆ ಭಯವಾಯಿತು. ತಿರುಗದಿದ್ದರೆ ಎಂಬ ಹೆದರಿಕೆಗೆ, ಊಟಕ್ಕೆ ಕರೆಯುವಾಗಲೂ ಹತ್ತಿರ ಹೋಗಿ ಭುಜ ಮುಟ್ಟಿ ಕರೆಯುತ್ತಿದ್ದೆ. ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. ಕಾವಲಿಯನ್ನು ತೊಳೆದು ಅಟ್ಟದ ಮೇಲೆ ಇಟ್ಟರು.

ಮುಂದಿನ ವಾರದ ಗಾಜಿನ ಪಾಠದಲ್ಲಿ, ಮನಸ್ಸು ಗಟ್ಟಿಮಾಡಿ, ಹಾಡು ಟೋಪಿ ಎಲ್ಲ ಬಿಟ್ಟು, ಎಲ್ಲರ ಮ್ಯೂಟ್ ತೆಗೆದೆ. ಒಮ್ಮೆಲೇ ಕುಕ್ಕರಿನ ಸೀಟಿ, ನಾಯಿಯ ಬೊಗಳಾಟ, ಯಾರದೋ ಮನೆಯ ಮಗುವಿನ ಅಳು ನನ್ನ ಹಜಾರಕ್ಕೆ ನುಗ್ಗಿದವು. ಒಬ್ಬೊಬ್ಬರದೇ ಹೆಸರು ಕರೆದೆ. ಲೋಹಿತ ಬಹಳ ಹೊತ್ತಿನ ಮೇಲೆ ಹಾಂ ಅಂದ. ಜಬೀನ ಹೂಂ ಮಿಸ್ ಅಂದಳು. ಆಮೇಲೆ ಮಂದಾರಾ ಅಂದೆ. ನನ್ನದೇ ದನಿ ಗೋಡೆಯಾಚೆ ಅವಳ ಸ್ಲೇಟಿನಿಂದ ಒಂದು ಕ್ಷಣ ತಡವಾಗಿ ನನಗೇ ಕೇಳಿಸಿತು. ಗಾಜಿನಲ್ಲಿ ಅವಳ ಮುಖ ನಗುತ್ತಾ ತಲೆಯಾಡಿಸುತ್ತಲೇ ಇತ್ತು. ಮತ್ತೆ ಕರೆದೆ. ಗೋಡೆಯಾಚೆ ನನ್ನ ದನಿ ಮತ್ತೆ ಮಂದಾರಾ ಎಂದಿತು. ಅವಳು ತಲೆಯಾಡಿಸಿದಳು.

ಸ್ಲೇಟನ್ನು ಕೈಯಲ್ಲಿ ಹಿಡಿದುಕೊಂಡೇ ಒಳಕೋಣೆಗೆ ಓಡಿದೆ. ಅದನ್ನು ಗೋಡೆಗೆ ಒರಗಿಸಿ ಅವಳ ಎದುರಿಗೆ ನೆಲದ ಮೇಲೆ ಕೂತೆ, ಎರಡೂ ಕೆನ್ನೆ ಹಿಡಿದು ನನ್ನ ಕಡೆ ತಿರುಗಿಸಿ ಮಂದಾರಾ ಅಂದೆ. ಅವಳ ಕಣ್ಣು ನನ್ನ ದನಿ ಬಂದ ಕಡೆ ನೋಡಿತು, ನನ್ನನ್ನು ನೋಡಲಿಲ್ಲ. ನಲವತ್ತು ಮನೆಗಳು ಇದನ್ನೆಲ್ಲ ನೋಡುತ್ತಿವೆ ಎಂಬುದೇ ನನಗೆ ಮರೆತಿತ್ತು. ನೆನಪಾದಾಗ ಸ್ಲೇಟು ಆರಿಸಲು ಕೈ ಚಾಚಿದೆ. ಆರಿಸಲಿಲ್ಲ. ಅವಳನ್ನು ಎತ್ತಿ ಪಕ್ಕಕ್ಕೆ ಕೂರಿಸಿ ಮಣೆಯನ್ನು ಗಾಜಿನ ಮುಂದೆ ಇಟ್ಟೆ.

"ಅತ್ತೆ, ಬೆಣ್ಣೆ ತನ್ನಿ. ಬೆಣ್ಣೆ ಮಾತ್ರ ತನ್ನಿ."

ಅತ್ತೆ ಬೆರಳ ತುದಿಯಲ್ಲಿ ತಂದು ಮಣೆಯ ಮೇಲಿಟ್ಟರು. ಅದು ಗೋಲಿಯ ಹಾಗೆ ಕೂತಿತು. "ಇದು ಮಂದಾರಳ ನಿಜವಾದ ಮಣೆ" ಎಂದು ಗಾಜಿಗೆ ಹೇಳಿದೆ. "ಟೀಚರ್ ಮಗಳ ಮಣೆ. ಇದು ತಣ್ಣಗಾಗಿದೆ, ಹೀಗೆ ಆಗೋದಕ್ಕೆ ಬಿಟ್ಟೋಳು ನಾನು. ನಿಮ್ಮನ್ನೆಲ್ಲ ನಾನು ಮುಟ್ಟಿ ನೋಡಿ ಎಷ್ಟೋ ದಿನ ಆಯ್ತು. ಅಮ್ಮಂದಿರೆಲ್ಲ ಸ್ವಲ್ಪ ದೂರ ಹೋಗಿ. ಮಕ್ಕಳೇ, ನೀವೇ ಇಡಿ."

ಮೊದಲು ಲೋಹಿತ ಎದ್ದು ತನ್ನ ಮಣೆ ಮುಂದಿಟ್ಟ. ಅದರ ಮೇಲೆ ಇಸ್ತ್ರಿ ಪೆಟ್ಟಿಗೆಯ ಮೂತಿಯ ಗುರುತು ಕಪ್ಪಗೆ ಒತ್ತಿತ್ತು. ಬೆಣ್ಣೆ ಇಟ್ಟ. ಗಿರಿಜಾಂಬಳ ಬಳೆ ತೊಟ್ಟ ಕೈ ಅದನ್ನು ತೆಗೆಯಲು ಬಂತು, ಹಾಗೇ ನಿಂತಿತು, ಹಿಂದೆ ಹೋಯಿತು. ಜಬೀನ ಇಟ್ಟಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬ. ಗಾಜಿನ ತುಂಬ ಮುಖಗಳು ಹೋಗಿ ಮಣೆಗಳು ಬಂದವು. ಎಲ್ಲ ಮಣೆಗಳ ಮೇಲೂ ಬೆಣ್ಣೆ ಇಟ್ಟ ಹಾಗೇ ಇತ್ತು. ಒಂದೂ ಕರಗಲಿಲ್ಲ. ಯಾರದೋ ಮನೆಯಲ್ಲಿ ಒಬ್ಬ ಹೆಂಗಸು ಬಿಕ್ಕುತ್ತಿದ್ದಳು. ನನಗೆ ಎದ್ದು ಓಡಿಹೋಗೋಣ ಅನ್ನಿಸಿತು. ಇಷ್ಟು ಮಕ್ಕಳನ್ನು ಯಾವ ಜಗಲಿಯ ಮೇಲೆ ಕೂರಿಸುವುದು?

ಆಗ ಪಕ್ಕದಲ್ಲಿ ಏನೋ ಅಲ್ಲಾಡಿತು. ಮಂದಾರ ಮುಂದಕ್ಕೆ ಬಾಗಿ ಗಾಜನ್ನು ನೋಡುತ್ತಿದ್ದಳು. ಒಂದೊಂದೇ ಮಣೆಯ ಮೇಲೆ ಕಣ್ಣಾಡಿಸುತ್ತಾ, ಲೋಹಿತನ ಮಣೆಯ ಮೇಲೆ ಸ್ವಲ್ಪ ಹೊತ್ತು ನೋಟ ನಿಲ್ಲಿಸಿದಳು. ಹುಬ್ಬು ಗಂಟಿಕ್ಕಿತು. ಆಮೇಲೆ, ನಾನು ಮಾರು ದೂರವೂ ಇರಲಿಲ್ಲ, ಆದರೂ ಬಲಗೈ ಎತ್ತಿ ಹಿಡಿದಳು.

"ಹೇಳು" ಅಂದೆ.

"ಮಿಸ್, ಎಲ್ರೂ ಆರಿಹೋದ್ರೆ, ಮುಟ್ಟಿ ನೋಡೋರು ಯಾರು?"

"ಗೊತ್ತಿಲ್ಲ ಕಣೇ" ಅಂದೆ. ಟೀಚರಾದ ಮೇಲೆ ಮಕ್ಕಳ ಮುಂದೆ ಆ ಮಾತು ಹೇಳಿದ್ದು ಅದೇ ಮೊದಲು. "ನಂಗೂ ಅದೇ ಭಯ."

ಅವಳು ನನ್ನನ್ನು ನೋಡಿದಳು. ದನಿ ಬಂದ ಕಡೆಗಲ್ಲ, ನನ್ನನ್ನು. ಸ್ಲೇಟಿನೊಳಗಿಂದ ಯಾರೋ ಹುಡುಗ, ಮಿಸ್ ಮಿಸ್, ನಾನೊಂದು ಕೇಳ್ಲಾ ಎಂದು ಕೂಗಿದ. ಇನ್ನೊಂದು ದನಿ ಅದರ ಮೇಲೆ ಬಿತ್ತು.

"ಸುಲೋಚನಾ, ಬೆಣ್ಣೆ ಜಾರ್ತಾ ಇದೆ ನೋಡೇ" ಅಂದರು ಅತ್ತೆ ಬೆನ್ನ ಹಿಂದಿನಿಂದ.

ಬೆಣ್ಣೆಯ ವಿಷಯದಲ್ಲಿ ನಮ್ಮತ್ತೆಯ ಮಾತನ್ನು ನಂಬುವ ಹಾಗಿಲ್ಲ. ನಿಜವಿದ್ದರೂ ಇರಬಹುದು. ನಾನು ಆ ಕಡೆ ತಿರುಗಲಿಲ್ಲ. ಮಗಳು ಇನ್ನೂ ನನ್ನನ್ನೇ ನೋಡುತ್ತಿದ್ದಳು, ಅವಳ ಮುಖದಿಂದ ಕಣ್ಣು ತೆಗೆಯಲು ನನಗೆ ಭಯವಾಗಿತ್ತು.